ಕಾಲಹರಣ (ಕಾಲ್ಚೆಂಡಾಟದಲ್ಲಿ)

ಕಾಲಹರಣ: ಕಾಲ್ಚೆಂಡಾಟದಲ್ಲಿ ಮುನ್ನಡೆ ಗಳಿಸಿದ ಪಕ್ಷವಾಗಲಿ, ಸಮಫಲದಿಂದಲೇ ಸಂತೃಪ್ತವಾದ ಪಕ್ಷವಾಗಲಿ, ಆಟದ ಶೇಷಾವಧಿಯು ಎದುರಾಳಿಯ ಉಪಯೋಗಕ್ಕೆ ಬಾರದಂತೆ ಅದನ್ನು ಸವೆಯಿಸುವ ಕ್ರಮ. ಇದು ಚಾತುರ್ಯವೋ ಅಧರ್ಮವೋ ಎಂಬ ಜಿಜ್ಞಾಸೆ ಹಳೆಯದು. ಅದು ಇತ್ಯರ್ಥವಾಗದೆ ಉಳಿದಿರುವುದಕ್ಕೆ ಕಾರಣ, ಭಿನ್ನವಾದ ಎರಡು ನಡತೆಗಳನ್ನು ಒಂದೇ ಹೆಸರಿನಿಂದ ಕರೆಯುತ್ತ ಬಂದಿರುವುದು. ಚೆಂಡು ಚಲಿಸುತ್ತಿರುವಾಗ ಅದನ್ನು ತಮ್ಮವರ ಕಾಲುಗಳ ನಡುವೆಯೇ ಸುಳಿದಾಡಿಸುತ್ತ, ಕೊನೆಗೆ ಮೂಲೆಯ ಬಾವುಟದ ಬಳಿಗೊಯ್ದು ಮೈಯನ್ನು ಅಡ್ಡವಿಟ್ಟು ಕಾಯುವುದು ಒಂದು ನಡತೆ; ಚೆಂಡು ನಿಂತಿರುವಾಗ ನೋವಿಲ್ಲದೆ ನೆಲಕ್ಕುರುಳುವುದು, ಗೋಲ್ ಕಿಕ್ಕಿಗೆ ಮುನ್ನ ಚೆಂಡನ್ನು ಮತ್ತೆ ಮತ್ತೆ ಇಟ್ಟು ತೆಗೆಯುವುದು, ಬದಲಿಯಾಗಿ ಹೊರಬರುವವನು ಅಂಕಣದ ಉದ್ದಕ್ಕೂ ವಿಹಾರಕ್ಕೆ ಹೊರಟವನಂತೆ ನಡೆಯುವುದು ಇನ್ನೊಂದು. ಮೊದಲನೆಯದರಲ್ಲಿ ಎದುರಾಳಿಯು ಚೆಂಡನ್ನು ಕಸಿದುಕೊಳ್ಳಬಲ್ಲನು; ಎರಡನೆಯದರಲ್ಲಿ ಅವನಿಗೆ ಮಾಡಲು ಏನೂ ಇಲ್ಲ. ಆದುದರಿಂದ ಮೊದಲನೆಯದನ್ನು ಆಟವೆಂದೂ ಎರಡನೆಯದನ್ನು ಅಪಹರಣವೆಂದೂ ಎಣಿಸುವುದು ಯುಕ್ತ.

ಈ ಅಪಹರಣದ ವಿರುದ್ಧ ನಿಯಮಗಳು ಬೆಳೆದುಬಂದ ಬಗೆಯೇ ಇದರ ಚರಿತ್ರೆ. 1891ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮತ್ತು ಆಸ್ಟನ್ ವಿಲ್ಲಾ ತಂಡಗಳ ನಡುವಣ ಆಟದಲ್ಲಿ, ಒಂದು ಗೋಲಿನಿಂದ ಮುಂದಿದ್ದ ವಿಲ್ಲಾದ ಗೋಲಿಯು ತನ್ನ ವಿರುದ್ಧ ಪೆನಾಲ್ಟಿ ವಿಧಿಸಲ್ಪಟ್ಟಾಗ ಚೆಂಡನ್ನು ಮೈದಾನದಾಚೆಗೆ ಒದ್ದನೆಂದೂ, ಅದನ್ನು ಹುಡುಕಿ ತರುವಷ್ಟರಲ್ಲಿ ಅವಧಿ ಮುಗಿದಿತ್ತೆಂದೂ, ಪೆನಾಲ್ಟಿಗಾಗಿ ಸಮಯವನ್ನು ವಿಸ್ತರಿಸುವ ನಿಯಮಕ್ಕೆ ಇದೇ ಮೂಲವೆಂದೂ ಹೇಳುತ್ತ ಬಂದಿದ್ದಾರೆ. ಕಳೆದ ಕಾಲವನ್ನು ಲೆಕ್ಕವಿಟ್ಟು ಮರಳಿ ಕೊಡುವ ಅಧಿಕಾರವು ಇಂದಿಗೂ ರೆಫರಿಯದೇ; ನಮ್ಮ ಮೈದಾನಗಳಲ್ಲಿ 'ಇಂಜುರಿ ಟೈಮ್' ಎಂದು ಕರೆಯುವುದು ಇದನ್ನೇ. ಆಟದ ಪುನರಾರಂಭವನ್ನು ತಡೆಯುವವನಿಗೆ ಎಚ್ಚರಿಕೆಯೇ ಶಿಕ್ಷೆಯಾಗಿದ್ದು, 1970ರ ಮೆಕ್ಸಿಕೋ ವಿಶ್ವಕಪ್ಪಿನಿಂದೀಚೆಗೆ ಆ ಎಚ್ಚರಿಕೆಯು ಹಳದಿ ಕಾರ್ಡಿನ ರೂಪವನ್ನು ತಾಳಿತು.

ದೆಹಲಿಯಲ್ಲಿ ಈ ಪ್ರಶ್ನೆಯನ್ನು ಕಣ್ಣಾರೆ ಕಾಣುವ ಅವಕಾಶ ಅನೇಕ ಸಲ ಒದಗಿದೆ. ಸಿಮ್ಲಾದಲ್ಲಿ 1888ರಲ್ಲಿ ಆರಂಭವಾದ ಡ್ಯುರಾಂಡ್ ಕಪ್ 1940ರಲ್ಲಿ ಈ ನಗರಕ್ಕೆ ಬಂದಿತು; 1960ರಲ್ಲಿಯೂ 1982ರಲ್ಲಿಯೂ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳನ್ನು ಜಂಟಿ ವಿಜೇತರೆಂದು ಸಾರಲಾಯಿತು. ಸಮಫಲಕ್ಕೂ ಕಿರೀಟದ ಅರ್ಧಪಾಲು ದೊರೆಯುವಲ್ಲಿ ಜಾಗರೂಕತೆಯ ಆಟಕ್ಕೆ ಆಕರ್ಷಣೆ ಹೆಚ್ಚುವುದು ಸ್ವಾಭಾವಿಕ. 1951ರ ಪ್ರಥಮ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ, ಇದೇ ನಗರದಲ್ಲಿ, ಮೇವಾಲಾಲರ ಏಕೈಕ ಗೋಲಿನಿಂದ ಭಾರತವು ಇರಾನನ್ನು ಜಯಿಸಿತು. ಒಂದೇ ಗೋಲಿನ ಸಂಪತ್ತನ್ನು ಕೊನೆಯವರೆಗೆ ಕಾಯುವುದೂ ಒಂದು ವಿದ್ಯೆಯೆಂಬುದಕ್ಕೆ ಆ ಚಿನ್ನದ ಪದಕವೇ ಪ್ರಮಾಣ. ದಿಲ್ಲಿ ಗೇಟಿನ ಸಮೀಪ, ಫಿರೋಜ್ ಷಾ ಕೋಟ್ಲಾದ ನೆರೆಯಲ್ಲಿರುವ ಅಂಬೇಡ್ಕರ್ ಕ್ರೀಡಾಂಗಣದಲ್ಲಿ 2007ರ ನೆಹರೂ ಕಪ್ಪಿನ ಅಂತಿಮ ಪಂದ್ಯವೂ ಹೀಗೆಯೇ ಸಾಗಿತು: ಪ್ರಥಮಾರ್ಧವು ಮುಗಿಯುವ ಮುನ್ನ ಎನ್. ಪಿ. ಪ್ರದೀಪ್ ಗೋಲು ಹೊಡೆದರು. ಉತ್ತರಾರ್ಧವನ್ನೆಲ್ಲ ಭಾರತವು ಸಿರಿಯಾದ ಎದುರು ಆ ಒಂದನ್ನೇ ಕಾಪಾಡಿಕೊಂಡಿತು.

ಎರಡು ವರ್ಷಗಳ ತರುವಾಯ, 31 ಆಗಸ್ಟ್ 2009ರಂದು, ಅದೇ ಅಂಗಣದಲ್ಲಿ ಅದೇ ಸಿರಿಯಾದೊಡನೆ ನಡೆದ ಅಂತಿಮ ಪಂದ್ಯವು ಕಾಲದ ಬೆಲೆಯನ್ನು ಇನ್ನೂ ಕಠೋರವಾಗಿ ತೋರಿಸಿತು. ನಿಗದಿತ ಅವಧಿಯಲ್ಲಿ ಯಾರೂ ಗೋಲು ಕಾಣದೆ ಆಟವು ಹೆಚ್ಚುವರಿ ಅವಧಿಗೆ ಹೋಗಿ, 114ನೆಯ ನಿಮಿಷದಲ್ಲಿ ರೆನೆಡಿ ಸಿಂಗ್ ಫ್ರೀ ಕಿಕ್ಕಿನಿಂದ ಗೋಲು ಗಳಿಸಿದಾಗ ಕಪ್ಪು ಕೈಸೇರಿತೆಂದೇ ಪ್ರೇಕ್ಷಕರು ಭಾವಿಸಿದ್ದರು. ರೆಫರಿಯ ಗಡಿಯಾರದಲ್ಲಿ ಉಳಿದಿದ್ದ ಕಟ್ಟಕಡೆಯ ಕ್ಷಣಗಳಲ್ಲಿ ಸಿರಿಯಾ ಸಮ ಮಾಡಿತು. ಪೆನಾಲ್ಟಿಗಳಲ್ಲಿ ಗೋಲಿ ಸುಬ್ರತಾ ಪಾಲ್ ತಡೆದು ನಿಂತುದರಿಂದ ಭಾರತವು 5-4ರಿಂದ ಗೆದ್ದಿತು.

ಇದಕ್ಕೆ ವಿಪರೀತವಾದ ಪಾಠವು 9 ಅಕ್ಟೋಬರ್ 2017ರಂದು ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ದೊರೆಯಿತು. ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಕೊಲಂಬಿಯಾದ ವಿರುದ್ಧ 82ನೆಯ ನಿಮಿಷದಲ್ಲಿ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು, ಫಿಫಾ ವಿಶ್ವಕಪ್ಪೊಂದರಲ್ಲಿ ಭಾರತದ ಪ್ರಪ್ರಥಮ ಗೋಲು. ಆ ಹರ್ಷವು ಅಡಗುವ ಮುನ್ನವೇ, ಮರುನಿಮಿಷದಲ್ಲಿ, ಕೊಲಂಬಿಯಾ ಮತ್ತೆ ಗೋಲು ಹೊಡೆದು ಗೆದ್ದಿತು. ಆ ಹುಡುಗರು ಎರಡು ನಿಮಿಷ ಚೆಂಡನ್ನು ತಮ್ಮಲ್ಲೇ ಹಿಡಿದಿಟ್ಟುಕೊಂಡಿದ್ದರೆ ಅದನ್ನು ಅಧರ್ಮವೆಂದು ಯಾರೂ ಹೇಳುತ್ತಿರಲಿಲ್ಲ, ಪ್ರೌಢತೆಯೆಂದೇ ಹೊಗಳುತ್ತಿದ್ದರು.

ಆದರೆ ಚೆಂಡಿನ ಚಲನೆಯೊಂದನ್ನೇ ಒರೆಗಲ್ಲಾಗಿಸುವಂತಿಲ್ಲವೆಂಬುದನ್ನು 1982ರ ವಿಶ್ವಕಪ್ಪಿನ ಹಿಹೋನ್ ಪಂದ್ಯ ತೋರಿಸಿತು. ಅಲ್ಲಿ ಪಶ್ಚಿಮ ಜರ್ಮನಿಯು ಹತ್ತನೆಯ ನಿಮಿಷದಲ್ಲೇ ಗೋಲು ಪಡೆದ ಬಳಿಕ, ಆ ಫಲಿತಾಂಶದಿಂದ ತಾವಿಬ್ಬರೂ ಮುಂದಿನ ಸುತ್ತಿಗೆ ಹೋಗುವರೆಂದರಿತು, ಆಸ್ಟ್ರಿಯಾವೂ ಅದೂ ನಿರುದ್ದೇಶವಾಗಿ ಚೆಂಡಾಡಿದವು; ಹೊರಬಿದ್ದದ್ದು ಅಂಕಣದಲ್ಲಿಯೇ ಇಲ್ಲದ ಆಲ್ಜೀರಿಯಾ. ಕಸಿಯಬೇಕಾದವನೇ ಕಸಿಯಲೊಲ್ಲದಿದ್ದರೆ ಅದು ಆಟವೆನಿಸದು. ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲದಲ್ಲಿ ಆಡಿಸುವ ಪದ್ಧತಿ ಆಮೇಲೆ ಬಂದಿತು. ಇಟಲಿಯಲ್ಲಿ ನಡೆದ 1990ರ ವಿಶ್ವಕಪ್ಪಿನ ನೀರಸತೆಯ ಅನಂತರ, ಸಹಆಟಗಾರನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿಯು ಕೈಯಿಂದ ಹಿಡಿಯಬಾರದೆಂದು 1992ರಲ್ಲಿ ವಿಧಿಸಲಾಯಿತು. ಈ ಆಟಕ್ಕೆ ಇದಕ್ಕಿಂತ ಹಿತವನ್ನುಂಟುಮಾಡಿದ ತಿದ್ದುಪಡಿ ವಿರಳ.

ಕನ್ನಡನಾಡಿನ ಎರಡು ನಿದರ್ಶನಗಳನ್ನು ಇಲ್ಲಿ ಸ್ಮರಿಸಬೇಕು. ಎರಡೂ 2023ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದವು. ಮಾರ್ಚ್ 3ರಂದು, ದೆಹಲಿಯಲ್ಲಿ ಆಟ ಕಲಿತು ಬೆಂಗಳೂರಿನ ನಾಯಕರಾದ ಸುನಿಲ್ ಛೇಟ್ರಿ, ಕೇರಳ ಬ್ಲಾಸ್ಟರ್ಸ್ ತಂಡವು ಗೋಡೆ ಕಟ್ಟಿ ಸಿದ್ಧವಾಗುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ಕೇರಳದವರು ಪ್ರತಿಭಟಿಸಿ ಅಂಕಣವನ್ನು ತ್ಯಜಿಸಿದರು. ಚೆಂಡು ನಿಂತ ಗಳಿಗೆಯು ವಿಶ್ರಾಂತಿಗೆ ಮೀಸಲಲ್ಲ, ಅನ್ಯಾಯಕ್ಕೊಳಗಾದವನ ಸ್ವತ್ತು ಎಂಬುದನ್ನು ನೆನೆದರೆ ಛೇಟ್ರಿಯವರ ತ್ವರೆಯಲ್ಲಿ ದೋಷವನ್ನೆಣಿಸಲಾಗದು. ಜೂನ್ 21ರಂದು ಸ್ಯಾಫ್ ಪಂದ್ಯಾವಳಿಯಲ್ಲಿ, ಭಾರತವು ಪಾಕಿಸ್ತಾನದ ವಿರುದ್ಧ ಎರಡು ಗೋಲುಗಳಿಂದ ಮುಂದಿದ್ದಾಗ, ತರಬೇತುದಾರ ಇಗೋರ್ ಸ್ಟಿಮಾಕ್ ಥ್ರೋ-ಇನ್‌ಗೆ ಸಿದ್ಧನಾದ ಎದುರಾಳಿಯ ಕೈಯಿಂದ ಚೆಂಡನ್ನು ತಟ್ಟಿ ಕೆಡವಿ ಕೆಂಪು ಕಾರ್ಡ್ ಪಡೆದರು. ನಮ್ಮವರೇ ಮಾಡಿದರೂ ಅದು ಸಲ್ಲದ ನಡತೆಯೇ.

ಗೋಲಿಯು ಚೆಂಡನ್ನು ಕೈಯಲ್ಲಿಟ್ಟುಕೊಂಡು ಆರು ಸೆಕೆಂಡುಗಳನ್ನು ಮೀರಬಾರದೆಂಬ 2000ದ ವಿಧಿಯು ಬಹುತೇಕ ಪುಸ್ತಕದಲ್ಲಿಯೇ ಉಳಿಯಿತು. ಅದನ್ನು ಮೀರಿದರೆ ಗೋಲಿನ ಸನಿಹದಲ್ಲೇ ಪರೋಕ್ಷ ಫ್ರೀ ಕಿಕ್ ಕೊಡಬೇಕಾಗಿದ್ದುದರಿಂದ, ಅಷ್ಟು ದೊಡ್ಡ ದಂಡವನ್ನು ವಿಧಿಸಲು ರೆಫರಿಗಳು ಹಿಂಜರಿದರು. 1 ಜುಲೈ 2025ರಿಂದ ಮಿತಿಯು ಎಂಟು ಸೆಕೆಂಡುಗಳು. ಕೊನೆಯ ಐದನ್ನು ರೆಫರಿಯು ಕೈಯೆತ್ತಿ ಎಣಿಸುವನು, ಮೀರಿದರೆ ಎದುರಾಳಿಗೆ ಕಾರ್ನರ್ ಕಿಕ್.