ನಲವತ್ತೊಂದನೆಯ ಹೆಸರು



ಭಾನುವಾರ ಸಂಜೆ ಚರ್ಚ್ ಮೈದಾನದಲ್ಲಿ ಫುಟ್‌ಬಾಲ್ ಆಡುವ ಮೊದಲು ನಾವು ತಂಡ ಮಾಡುವ ರೀತಿ ನಿಮಗೆಲ್ಲ ಗೊತ್ತು. ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಚೆನ್ನಾಗಿ ಆಡುವವರು ಮೊದಲು ಹೋಗುತ್ತಾರೆ. ಕೊನೆಗೆ ಉಳಿದವನು ನೆಲ ನೋಡುತ್ತಾ ನಿಂತಿರುತ್ತಾನೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಇದೇ ಕೆಲಸ ವರ್ಷಕ್ಕೊಮ್ಮೆ ನಡೆಯುತ್ತದೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ.

ಇದು ಐಪಿಎಲ್ ಹರಾಜಿನಂತಲ್ಲ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಕ್ಲಬ್‌ಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಹಿಂದೆ ಬಿದ್ದ ತಂಡಕ್ಕೆ ಮೊದಲ ಅವಕಾಶ, ಗೆದ್ದವರಿಗೆ ಕೊನೆಯದು. ಹಣವಿದ್ದ ಕ್ಲಬ್ಬೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಎಂಬುದು ಇದರ ಉದ್ದೇಶ.

ಈ ಪದ್ಧತಿ ಹುಟ್ಟಿದ್ದು ಅಮೆರಿಕದವರದೇ ಆದ ಇನ್ನೊಂದು ಆಟ, ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್ ಅವರ ಸಲಹೆಯಂತೆ 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಅದರಲ್ಲಿ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ!

ನಾವು ಆಡುವ ಫುಟ್‌ಬಾಲ್‌ಗೆ ಅಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು 1994ರ ವಿಶ್ವಕಪ್ ನಂತರ. 1996ರಲ್ಲಿ ಹತ್ತು ತಂಡಗಳೊಂದಿಗೆ ಮೇಜರ್ ಲೀಗ್ ಸಾಕರ್ ಆರಂಭವಾಯಿತು. ಆ ವರ್ಷವೇ ಕಾಲೇಜು ಆಟಗಾರರ ಡ್ರಾಫ್ಟ್ ಕೂಡ ಶುರುವಾಯಿತು. 2000ದಿಂದ ಅದಕ್ಕೆ ಸೂಪರ್‌ಡ್ರಾಫ್ಟ್ ಎಂದು ಹೆಸರು.

2004ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಫ್ರೆಡ್ಡಿ ಅಡು. ಘಾನಾದಲ್ಲಿ ಹುಟ್ಟಿದ ಹುಡುಗ. ವಯಸ್ಸು ಬರೀ 14. ವಾಷಿಂಗ್ಟನ್‌ನ ಡಿ.ಸಿ. ಯುನೈಟೆಡ್ ಅವನನ್ನು ಆರಿಸಿತು. ಪೆಲೆಯವರ ಜೊತೆ ಜಾಹೀರಾತಿನಲ್ಲೂ ಕಾಣಿಸಿಕೊಂಡ. ಇವನೇ ಮುಂದಿನ ಪೆಲೆ ಎಂದು ಜನ ಮಾತಾಡಿಕೊಂಡರು. ಹದಿನಾಲ್ಕರ ಹೆಗಲಿಗೆ ಅದೆಂಥ ಭಾರ! ಮುಂದೆ ಪೋರ್ಚುಗಲ್, ಫ್ರಾನ್ಸ್, ಗ್ರೀಸ್, ಟರ್ಕಿ, ಬ್ರೆಜಿಲ್ ಎಂದು ದೇಶ ದೇಶ ತಿರುಗಿದರೂ ಜನ ಕಾಯುತ್ತಿದ್ದ ಎತ್ತರ ಅವರಿಗೆ ಸಿಗಲಿಲ್ಲ. ಅದೇ ದಿನ ಎಂಟನೆಯವರಾಗಿ ಆಯ್ಕೆಯಾದ ಕ್ಲಿಂಟ್ ಡೆಂಪ್ಸಿ ತಮ್ಮ ದೇಶಕ್ಕಾಗಿ 57 ಗೋಲು ಹೊಡೆದರು.

ಮರುವರ್ಷದ ಕಥೆ ಇನ್ನೂ ವಿಚಿತ್ರ. 2005ರಲ್ಲಿ ಮೊದಲ ಆಯ್ಕೆಯಾದ ಹದಿನಾರರ ನಿಕೋಲಸ್ ಬೆಸಾನ್ಯೊ ಲೀಗ್‌ನಲ್ಲಿ ಬೆರಳೆಣಿಕೆಯ ಪಂದ್ಯಗಳನ್ನಷ್ಟೇ ಆಡಿದರು. ಕ್ರಿಸ್ ವೊಂಡೊಲೊವ್‌ಸ್ಕಿ ಎಂಬ ಯುವಕನನ್ನು ಮುಖ್ಯ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲೇ ಇಲ್ಲ. ಉಳಿದವರಿಗಾಗಿ ನಡೆದ ಪೂರಕ ಡ್ರಾಫ್ಟ್‌ನಲ್ಲಿ, ಅದೂ 41ನೆಯವರಾಗಿ, ಸ್ಯಾನ್ ಹೋಸೆ ತಂಡ ಅವರನ್ನು ತೆಗೆದುಕೊಂಡಿತು. ಮುಂದಿನ ಐದು ವರ್ಷ ಅವರಿಗೆ ಅವಕಾಶ ಸಿಕ್ಕಿದ್ದು ಅಪರೂಪ. 2010ರಲ್ಲಿ, 27ನೆಯ ವಯಸ್ಸಿನಲ್ಲಿ, 18 ಗೋಲು ಹೊಡೆದು ಲೀಗ್‌ಗೇ ಮೊದಲಿಗರಾದರು. 2012ರಲ್ಲಿ 27 ಗೋಲು. 2019ರ ಮೇ ತಿಂಗಳಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದು, ಲ್ಯಾಂಡನ್ ಡೊನೊವನ್ ಅವರ 145 ಗೋಲುಗಳ ದಾಖಲೆಯನ್ನು ದಾಟಿದರು. 2021ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕ 171.

ಈಗ ಡ್ರಾಫ್ಟ್‌ಗೆ ಹಿಂದಿನ ಮಹತ್ವವಿಲ್ಲ. ಕ್ಲಬ್‌ಗಳು ತಮ್ಮದೇ ಅಕಾಡೆಮಿಗಳಲ್ಲಿ ಮಕ್ಕಳನ್ನು ಬೆಳೆಸುತ್ತವೆ. 2008ರ ನಿಯಮದ ಪ್ರಕಾರ ಅಲ್ಲಿ ಬೆಳೆದವರನ್ನು ಡ್ರಾಫ್ಟ್ ಇಲ್ಲದೆಯೇ ತಂಡಕ್ಕೆ ಸೇರಿಸಿಕೊಳ್ಳಬಹುದು.

ನಮ್ಮ ಬದುಕಿನಲ್ಲೂ ಪಟ್ಟಿಗಳಿಗೆ ಕೊರತೆಯಿಲ್ಲ. ಪರೀಕ್ಷೆಯ ರ‍್ಯಾಂಕ್, ಕಾಲೇಜಿನ ಸೀಟು, ಕೆಲಸದ ಸಂದರ್ಶನ. ಹೆಸರು ಕೆಳಗಿದ್ದರೆ ಮನೆಯೇ ಮೌನವಾಗುತ್ತದೆ. ಪಟ್ಟಿ ಹೇಳುವುದು ಅಂದಿನ ದಿನದ ಮಾತನ್ನು ಮಾತ್ರ. ಮೊದಲ ಹೆಸರಿನ ಹುಡುಗನಿಗೂ ಅದು ಹೊರೆಯಾಗಬಹುದು ಎಂಬುದನ್ನು ಹೆತ್ತವರಾದ ನೀವೂ ನೆನಪಿಡಿ.

ಮುಂದಿನ ಭಾನುವಾರದಿಂದ ನಾವೂ ಒಂದು ನಿಯಮ ಮಾಡೋಣವೇ? ಕಳೆದ ವಾರ ಸೋತವರಿಗೆ ಮೊದಲ ಆಯ್ಕೆ. ಕೊನೆಗೆ ಉಳಿದವನನ್ನು 'ನೀನೂ ಬಾ' ಎನ್ನದೆ, ಹೆಸರು ಹಿಡಿದೇ ಕರೆಯೋಣ.