ಕೊಳ್ಳದೆ ಬಿಟ್ಟದ್ದು ಎಷ್ಟು?

ಆಹಾರ ಕಂಪನಿಯ ಪರಿಸರ ಕಾಳಜಿ ನಿಜವೋ ಬಾಯಿಮಾತೋ ಎಂದು ತಿಳಿಯಲು ಕಳೆದ 30 ವರ್ಷಗಳಲ್ಲಿ ಹಲವು ಅಳತೆಗೋಲುಗಳು ಬಂದಿವೆ: ಕೋರ್ಟಿನ ತೀರ್ಪು, ಪೊಟ್ಟಣದ ಮೇಲಿನ ಮುದ್ರೆ, ಷೇರುಪೇಟೆಗೆ ಸಲ್ಲಿಸುವ ವರದಿ. ಭಟ್ಕಳ, ಹೊನ್ನಾವರ, ಕುಮಟಾದ ಕಡಲಂಚಿನಲ್ಲಿ ನಿಂತರೆ ಇವುಗಳ ಉದ್ದಗಿಡ್ಡ ಚೆನ್ನಾಗಿ ಕಾಣುತ್ತದೆ.

ಮೊದಲು ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಾದ ಗಜನಿಯ ಕಥೆ. ಕುಮಟಾದ ಅಘನಾಶಿನಿ ಅಳಿವೆಯ ಮಾಣಿಕಟ್ಟಾದಂಥ ಊರುಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಉಪ್ಪುನೀರನ್ನೂ ನೆರೆಯನ್ನೂ ತಾಳುವ ತಳಿ ಅದು, ಗೊಬ್ಬರ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ತೂಬು ತೆರೆದರೆ ಉಬ್ಬರದ ನೀರಿನ ಜೊತೆ ಮೀನು, ಶೆಟ್ಲಿ (ಸಿಗಡಿ) ಒಳಗೆ ಬರುತ್ತವೆ. 1990ರ ದಶಕದಲ್ಲಿ ರಫ್ತು ಸಿಗಡಿಗೆ ಬೆಲೆ ಏರಿದಾಗ ಗಜನಿಗಳು ಗುತ್ತಿಗೆಗೆ ಹೋದವು, ಭತ್ತ ಮೂಲೆಗೆ ಸರಿಯಿತು. ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ದೇಶದ ಸಿಗಡಿ ಕೃಷಿಯೇ ಕಂಗೆಟ್ಟಿತು. ರೋಗ ಬಂದರೆ ಖರೀದಿದಾರ ಬೇರೆ ಕರಾವಳಿ ಹುಡುಕಿಕೊಳ್ಳುತ್ತಾನೆ. ಗಜನಿಯವನು ಎಲ್ಲಿಗೆ ಹೋಗಬೇಕು? 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಾಂಪ್ರದಾಯಿಕ ಪದ್ಧತಿಯವನ್ನು ಬಿಟ್ಟು, ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳನ್ನು ತೆಗೆದುಹಾಕಬೇಕೆಂದಿತು. ಕೆಡಿಸಿದವನೇ ನಷ್ಟ ತುಂಬಬೇಕು ಎಂದೂ ಹೇಳಿತು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಹೊಂಡಗಳ ನೋಂದಣಿಯನ್ನು ಕಡ್ಡಾಯ ಮಾಡಿತು, ಜೊತೆಗೆ ಆ ನಿಷೇಧವನ್ನು ಸಡಿಲಿಸಿಯೂ ಬಿಟ್ಟಿತು.

ಮುದ್ರೆಗಳ ಕಾಲ ಶುರುವಾದದ್ದು 1997ರಲ್ಲಿ. ಯೂನಿಲಿವರ್ ಮತ್ತು ಡಬ್ಲ್ಯುಡಬ್ಲ್ಯುಎಫ್ ಸೇರಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ, ಮೀನುಗಾರಿಕೆಗೆ ಮುದ್ರೆ ಕೊಡುವ ಸಂಸ್ಥೆಯನ್ನು ಕಟ್ಟಿದವು. ಭಾರತದಲ್ಲಿ ಅದರ ಮುದ್ರೆ ಮೊದಲು ಸಿಕ್ಕಿದ್ದು 2014ರಲ್ಲಿ, ಕೇರಳದ ಅಷ್ಟಮುಡಿಯ ಚಿಪ್ಪುಜೀವಿ ಬೆಳಚಿಗೆ. ಅಘನಾಶಿನಿಯಲ್ಲೂ ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಬೆಳಚು ಹೆಕ್ಕುತ್ತಾರೆ, ಬುಟ್ಟಿಯಲ್ಲಿ ಹೊತ್ತು ಮಾರುತ್ತಾರೆ. ಬುಟ್ಟಿಗೆ ಯಾವ ಮುದ್ರೆಯೂ ಬೇಕಾಗಿಲ್ಲ. ಮುದ್ರೆಗೆ ತಪಾಸಣೆಯ ಖರ್ಚಿದೆ, ಕಾಗದಪತ್ರವಿದೆ. ಹೀಗಾಗಿ ಅದು ಒಳ್ಳೆಯತನದ ಜೊತೆ ಖರ್ಚು ಮಾಡುವ ಶಕ್ತಿಯನ್ನೂ ತೋರಿಸುತ್ತದೆ ಎಂಬುದು ನನ್ನ ಅನಿಸಿಕೆ.

ಮುದ್ರೆಗಿಂತ ಬಿಗಿಯಾಗಿ ಕೆಲಸ ಮಾಡಿದ್ದು ಕೊಳ್ಳುವವರ ನಿರಾಕರಣೆ. ಕಡಲಾಮೆ ಪಾರಾಗುವ ಕಿಂಡಿ ಟ್ರಾಲ್ ಬಲೆಯಲ್ಲಿಲ್ಲ ಎಂದು 2019ರಲ್ಲಿ ಅಮೆರಿಕ ಭಾರತದ ಸಮುದ್ರ ಸಿಗಡಿಯ ಆಮದನ್ನು ನಿಲ್ಲಿಸಿತು. ಹೊನ್ನಾವರದ ಕಾಸರಕೋಡ ಟೊಂಕದ ಮರಳಲ್ಲಿ ಮೊಟ್ಟೆಯಿಡುವ ಆಮೆಗಳ ವಿಷಯ ರಫ್ತುದಾರರ ಲೆಕ್ಕಪುಸ್ತಕಕ್ಕೆ ಬಂದದ್ದು ಹಾಗೆ.

ವರದಿಗಳ ಸರದಿ ಬೇಗ ಹೇಳಿ ಮುಗಿಸಬಹುದು. 2012ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 100 ದೊಡ್ಡ ಕಂಪನಿಗಳಿಂದ ಹೊಣೆಗಾರಿಕೆ ವರದಿ ಕೇಳಿತು. 2022-23ರಿಂದ ಇನ್ನಷ್ಟು ವಿಸ್ತಾರವಾದ ನಮೂನೆ 1000 ಕಂಪನಿಗಳಿಗೆ ಕಡ್ಡಾಯವಾಯಿತು. 2024ರ ಅಕ್ಟೋಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ‘ಹಸಿರು’, ‘ಪರಿಸರಸ್ನೇಹಿ’ ಎಂದು ಜಾಹೀರಾತು ಮಾಡುವವರು ಆಧಾರ ಕೊಡಬೇಕೆಂದಿತು. ಷೇರುಪೇಟೆಯಲ್ಲೇ ಇಲ್ಲದ ಖರೀದಿದಾರನಿಗೆ ಸೆಬಿಯ ನಮೂನೆ ತಾಗುವುದಿಲ್ಲ.

ಈ ಅಳತೆಗೋಲುಗಳಿಗೆ ಸಿಗದ್ದನ್ನು ತದಡಿಯಲ್ಲೋ ಭಟ್ಕಳದ ಮಾವಿನಕುರ್ವೆಯಲ್ಲೋ ಟ್ರಾಲರ್ ದಕ್ಕೆಗೆ ಬಂದಾಗ ನೋಡಬೇಕು. ಬಂಗಡೆ, ಶೆಟ್ಲಿ ಗಾತ್ರ ನೋಡಿ ಬೇರೆಯಾಗಿ ಐಸಿಗೆ ಹೋಗುತ್ತವೆ. ಉಳಿದ ಪುಡಿಮೀನಿನ ರಾಶಿಯಲ್ಲಿ ಬೆರಳುದ್ದದ ಮರಿಗಳೂ ಇರುತ್ತವೆ. ಅದು ಮೀನುಹಿಟ್ಟಿನ ಕಾರ್ಖಾನೆಗೆ. ಆ ಹಿಟ್ಟು ಸಿಗಡಿ ಹೊಂಡದ ಆಹಾರವಾಗುತ್ತದೆ. ಹೊಂಡದ ನೀರು ಎಷ್ಟೇ ಶುದ್ಧವಿರಲಿ, ಈ ರಾಶಿಯ ಲೆಕ್ಕ ಕೊಡದ ಕಂಪನಿಯ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಕೇರಳ 2015ರಲ್ಲೇ 14 ಜಾತಿಯ ಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿತು. ಅಂಥ ಗಾತ್ರವನ್ನು ಖರೀದಿ ಕರಾರಿನಲ್ಲೇ ಬರೆದು, ಮರಿಮೀನು ಬೆರೆತ ಎಷ್ಟು ಲಾರಿ ವಾಪಸು ಕಳಿಸಿದೆ ಎಂದು ಯಾವುದೇ ಕಂಪನಿ ಹೇಳಬಹುದು. ಸೆಬಿಯ ನಮೂನೆ ಆ ಅಂಕಿಯನ್ನು ಕೇಳುವುದಿಲ್ಲ.