ಬರಗಾಲದ ಇತಿಹಾಸವೂ ಬಹುಕರ್ತೃತ್ವವೂ

ವಿಜಯಪುರದಿಂದ ಅಥಣಿಯ ಮಾರ್ಗವಾಗಿ ಪಶ್ಚಿಮಕ್ಕೆ ನಡೆದರೆ ತೊರವಿಯಾಚೆ ತಿಕೋಟಾ ದೊರೆಯುವುದು. ಈ ಪ್ರಾಂತವು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬುದು ಇಲ್ಲಿಯ ಗಾದೆ. ಬೆಳೆಯದ ವರುಷಗಳ ವೃತ್ತಾಂತವನ್ನು ಗಾದೆಯು ಹೇಳದು. ಆ ವೃತ್ತಾಂತವನ್ನು ಒಬ್ಬನೇ ಬರೆಯಬಲ್ಲನೆ, ಹಲವರು ಬರೆದರೆ ಅದು ಒಂದೇ ಗ್ರಂಥವಾಗುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಈ ಜಿಲ್ಲೆಯನ್ನು ಕುರಿತ ಮುಂಬಯಿ ಗ್ಯಾಝೆಟಿಯರಿನ 23ನೆಯ ಸಂಪುಟವು 1884ರಲ್ಲಿ ಪ್ರಕಟವಾಯಿತು. ಸಂಪಾದಕರು ಜೇಮ್ಸ್ ಕ್ಯಾಂಬೆಲ್ಲರು. 1876–78ರ ಕ್ಷಾಮವು ಆಗಿನ್ನೂ ಜನರ ಕಣ್ಣಮುಂದಿದ್ದಿತು. ಹಲವು ಅಧಿಕಾರಿಗಳು ಒದಗಿಸಿದ ಸಾಮಗ್ರಿಯನ್ನು ಸಂಪಾದಕರ ಲೇಖನಿಯು ಒಂದೇ ಹದಕ್ಕೆ ತಂದಿತು. ಗ್ರಂಥವು ಏಕಕಂಠವಾಯಿತು; ಆದರೆ ಯಾವ ವಾಕ್ಯವು ದಫ್ತರದ್ದು, ಯಾವುದು ಕೇಳಿಕೆಯದು ಎಂದು ವಿಂಗಡಿಸುವುದು ಓದುಗನಿಗೆ ಕಷ್ಟವಾಯಿತು.

ಮನುಷ್ಯರ ಬರಹಕ್ಕೆ ಈಗ ಶಿಲೆಯ ಸಾಕ್ಷ್ಯವೂ ಸೇರಿದೆ. ಉತ್ತರ ಕನ್ನಡದ ಅಕಳಗವಿಯಲ್ಲಿ ತೊಟ್ಟಿಕ್ಕುವ ನೀರಿನಿಂದ ಬೆಳೆದ ಸುಣ್ಣಶಿಲೆಯ ಪದರಗಳನ್ನು ಯಾದವ, ರಮೇಶ, ಪಂತ ಎಂಬ ಮೂವರು ವಿದ್ವಾಂಸರು ಪರೀಕ್ಷಿಸಿ, 331 ವರುಷಗಳ ಮಳೆಯ ಏರಿಳಿತವನ್ನು 2004ರಲ್ಲಿ ಪ್ರಕಟಿಸಿದರು. ಪದರಗಳಲ್ಲಿ ಉಳಿದ ಭಾರದ ಆಮ್ಲಜನಕಕ್ಕೂ ಹಗುರದ್ದಕ್ಕೂ ಇರುವ ಪ್ರಮಾಣವೇ ಅವರಿಗೆ ಆಧಾರ. 1791ರ ತಲೆಬುರುಡೆಯ ಬರವು ಈ ಅವಧಿಯೊಳಗೆ ಬರುವುದು. 1396ರಲ್ಲಿ ಮೊದಲಾಯಿತೆನ್ನುವ ದುರ್ಗಾದೇವಿಯ ಬರವು ಇದಕ್ಕೆ ನಿಲುಕದು. ಮೇಲಾಗಿ ಆ ಗವಿಯು ಮಲೆನಾಡಿನದು. ಅದರ ಸಾಕ್ಷ್ಯವನ್ನು ತಿಕೋಟೆಯ ಬಯಲಿಗೆ ಹಾಗೆಯೇ ಅನ್ವಯಿಸಲಾಗದು.

ಆ ಮೂವರಲ್ಲಿ ಒಬ್ಬರಾದ ರಮೇಶರು, ಹವಾಮಾನ ಬದಲಾವಣೆಯ ಅಂತರಸರಕಾರೀ ಮಂಡಲಿಯ 2007ರ ವರದಿಯ ಆರನೆಯ ಅಧ್ಯಾಯದ ಕರ್ತೃಗಳಲ್ಲಿಯೂ ಒಬ್ಬರು. ಪ್ರಾಚೀನ ಹವೆಯೇ ಆ ಅಧ್ಯಾಯದ ವಿಷಯ. ನಾರ್ವೆಯ ಯಾನ್ಸೆನ್, ಅಮೆರಿಕದ ಓವರ್‌ಪೆಕ್ ಇವರು ಸಂಯೋಜಕರು. ಅವರೊಡನೆ ಹದಿನಾಲ್ವರು ಮುಖ್ಯ ಲೇಖಕರು. ಒಬ್ಬರು ಹಿಮವನ್ನು ಬಲ್ಲವರು, ಇನ್ನೊಬ್ಬರು ಮರದ ಉಂಗುರಗಳನ್ನು, ಮತ್ತೊಬ್ಬರು ಸಮುದ್ರವನ್ನು. ಕರಡುಗಳು ಹೊರಗಿನ ವಿದ್ವಾಂಸರ ವಿಮರ್ಶೆಗೆ ಹೋದುವು. ಬಂದ ಪ್ರತಿಯೊಂದು ಆಕ್ಷೇಪಕ್ಕೂ ಲಿಖಿತ ಸಮಾಧಾನವನ್ನು ಕೊಡಬೇಕಾಗಿದ್ದಿತು.

ಇಲ್ಲಿ ಗಮನಾರ್ಹವಾದುದು ಮಾತಿನ ತೂಕ. ಉತ್ತರಾರ್ಧಗೋಳದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧವು ಹಿಂದಿನ 500 ವರುಷಗಳ ಯಾವ ಐವತ್ತು ವರುಷಗಳಿಗಿಂತಲೂ ಬಿಸಿಯಾಗಿದ್ದುದು 'ಅತಿ ಸಂಭವನೀಯ'ವೆಂದೂ, 1300 ವರುಷಗಳಲ್ಲಿಯೇ ಬಿಸಿಯಾಗಿದ್ದುದು ಬರಿಯ 'ಸಂಭವನೀಯ'ವೆಂದೂ ಅವರು ಬರೆದರು. ಮೊದಲನೆಯದು ನೂರಕ್ಕೆ 90ಕ್ಕೆ ಮೀರಿದ ನಂಬುಗೆ, ಎರಡನೆಯದು 66ಕ್ಕೆ ಮೀರಿದುದು. ಕಾಲವು ಹಿಂದೆ ಸರಿದಂತೆ ಸಾಕ್ಷ್ಯವು ವಿರಳವಾಗುವುದನ್ನು ಮರೆಮಾಡದೆ ಪದದಲ್ಲಿಯೇ ಸೂಚಿಸಿದರು.

ಶಾಸನದ ಸವೆದ ಅಕ್ಷರವನ್ನು ಕಂಸದಲ್ಲಿಡುವ ಸಂಪ್ರದಾಯವು ನಮ್ಮಲ್ಲಿಯೂ ಉಂಟು. ಬರಗಾಲದ ಇತಿಹಾಸಕ್ಕೂ ಅದೇ ನ್ಯಾಯವು ಸಲ್ಲಬೇಕು. ದಫ್ತರ, ಶಾಸನ, ಜನಪದದ ನೆನಪು, ಗವಿಯ ಶಿಲೆ ಇವನ್ನು ಬಲ್ಲವರು ಕೂಡಿಯೇ ಬರೆಯಲಿ. ಆದರೆ ಒಮ್ಮತಕ್ಕಾಗಿ ಸಂದೇಹವನ್ನು ಅಳಿಸದಿರಲಿ. ಸಂಯೋಜಕನ ಮುಖ್ಯ ಕರ್ತವ್ಯವು ಇದೇ ಎಂದು ತೋರುತ್ತದೆ.